ಅವನು ಅಂಥವನೇ ಏನು?

 

ಹೋದ ವಾರ ಭಾಷಣ ಸ್ಪರ್ಧೆಗೆ ಹೆಸರು ಬರೆಯುವಾಗ ನಮ್ಮ ತರಗತಿಯ ಒಬ್ಬ ಹುಡುಗನ ಹೆಸರು ಬಂತು. "ಏ, ಅವ ಮೂಕಬಸವ, ಅವನ್ಯಾಕ?" ಅಂತ ಯಾರೋ ಅಂದರು, ಎಲ್ಲರೂ ನಕ್ಕೆವು. ಪಟ್ಟಿ ಬರೆಯುತ್ತಿದ್ದವಳು ನಾನೇ. ಅವನ ಹೆಸರು ಬರೀಲಿಲ್ಲ. ಅವನೂ ಏನೂ ಅನ್ನಲಿಲ್ಲ.

ಮುಂದೆ ಸಂತಿ ದಿನ ಅವ್ವನ ಜೊತೆ ಮಾನ್ವಿಗೆ ಹೋದಾಗ ನೋಡ್ತೀನಿ, ಅದೇ ಹುಡುಗ ತನ್ನ ಮಾವನ ಒಗ್ಗರಣಿ ಮಿರ್ಚಿ ಬಂಡಿ ಮುಂದ ನಿಂತು ಗಂಟಲು ಹರಿಯಂಗ ಕೂಗ್ತಿದ್ದ! ನಾಲ್ಕು ಮಂದಿ ಗಿರಾಕಿಗೆ ಒಮ್ಮೆಲೇ ಲೆಕ್ಕ ಹೇಳ್ತಾನ, ಚಿಲ್ಲರೆ ಕೊಡ್ತಾನ, ನಡುವೆ ನಗಸ್ತಾನ. "ನಿಮ್ಮ ಕ್ಲಾಸಿನ ಹುಡುಗ ಭಾಳ ಚಾಲಾಕ ಅದಾನ" ಅಂದಳು ಅವ್ವ. ನನಗೆ ಮಿರ್ಚಿ ಗಂಟಲಲ್ಲಿ ಇಳೀಲಿಲ್ಲ.

ನಮ್ಮ ಅಕ್ಕನ ಡಿ.ಎಡ್. ಪುಸ್ತಕದಲ್ಲಿ ವ್ಯಕ್ತಿತ್ವ ಅಂತ ಒಂದು ಪಾಠ ಇದೆ. ಅದರಲ್ಲಿ ಎರಡು ದಾರಿ ಹೇಳಿದ್ದಾರೆ. ಒಂದು ಪ್ರಕಾರ ಸಿದ್ಧಾಂತ, ಅಂದರೆ ಮನುಷ್ಯರನ್ನು ಕಾಳು ಹಸನು ಮಾಡಿ ಬೇರೆ ಬೇರೆ ಚೀಲಕ್ಕೆ ಹಾಕಿದಂಗ. ಇದು ಬಹಳ ಹಳೆಯದು. ಗ್ರೀಕರು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ಚೀಲ ಮಾಡಿದ್ದರು. ನಮ್ಮ ಆಯುರ್ವೇದದವರು ವಾತ, ಪಿತ್ತ, ಕಫ ಅಂದರು. 1921ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಅಂತರ್ಮುಖಿ, ಬಹಿರ್ಮುಖಿ ಅಂತ ಎರಡು ಬಗೆ ಹೇಳಿದರು. ಆದರೆ ಎರಡೂ ಗುಣ ಎಲ್ಲರಲ್ಲೂ ಇರುತ್ತವೆ ಅಂತ ಅವರೇ ಒಪ್ಪಿದ್ದರು. ನಾವು ಮಾತ್ರ ಚೀಲದ ಬಾಯಿ ಹೊಲಿದು ಬಿಟ್ಟೇವಿ.

ಎರಡನೇದು ಗುಣಲಕ್ಷಣ ಸಿದ್ಧಾಂತ. ಇಲ್ಲಿ ಚೀಲ ಇಲ್ಲ, ಅಳತೆ ಇದೆ. ಎತ್ತರ ಅಳೆದಂಗ, ಒಬ್ಬರಲ್ಲಿ ಸಂಕೋಚ ಜಾಸ್ತಿ, ಇನ್ನೊಬ್ಬರಲ್ಲಿ ಕಮ್ಮಿ, ಬಹಳಷ್ಟು ಮಂದಿ ನಡುವೆ. 1936ರಲ್ಲಿ ಅಮೆರಿಕದ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬುವರು ಇಂಗ್ಲಿಷ್ ನಿಘಂಟು ಹುಡುಕಿ ಮನುಷ್ಯನ ನಡೆ ಹೇಳುವ ಸುಮಾರು 18,000 ಪದ ತೆಗೆದರಂತೆ. ಆಮೇಲೆ ಕ್ಯಾಟೆಲ್ ಎಂಬುವರು ಅವನ್ನು ಸೋಸಿ 16 ಗುಣಕ್ಕೆ ಇಳಿಸಿದರು. ಈಗ ಬಹಳ ಮಂದಿ ಐದು ಮುಖ್ಯ ಗುಣ ಅಂತಾರೆ.

ಇದನ್ನ ಓದಿ ನನಗೂ ಹುಕಿ ಬಂತು. ಒಂದು ಸಂಜೆ ಕಟ್ಟಿ ಮ್ಯಾಲ ಅಜ್ಜಿ ಜೊತೆ ಕೂತು ನಮ್ಮೂರ ಮಾತಿನಲ್ಲಿ ಇಂಥ ಪದ ಬರೆದೆ. ಮುಂಗೋಪಿ, ಬಾಯಿಬಡಕ, ಜಿಪುಣ, ಜಗಳಗಂಟಿ, ಹುಂಬ, ಮೊಂಡ, ಪುಕ್ಕಲ, ಚಾಡಿಕೋರ, ಸೋಮಾರಿ... ನಲವತ್ತೆರಡು ಆದವು. ಅದರಾಗ ಒಳ್ಳೆಯವು ಒಂಬತ್ತೇ! ಅಜ್ಜಿ ನಕ್ಕು "ಒಳ್ಳೆಯವರಿಗೆ ಹೆಸರು ಯಾಕ ಬೇಕವ್ವ" ಅಂದಳು. ಆದರೆ ಈ ಬೈಗಳ ಹೆಸರೇ ನಾವು ಶಾಲೆಯಲ್ಲಿ ಒಬ್ಬರಿಗೊಬ್ಬರು ಇಟ್ಟುಕೊಳ್ಳೋದು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. 1928ರಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಇಬ್ಬರು ಅಮೆರಿಕದ ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆ ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ಪರೀಕ್ಷೆಯಲ್ಲಿ ನಕಲು ಮಾಡಿದ ಮಗು ಆಟದಲ್ಲೂ ಮೋಸ ಮಾಡಬೇಕೆಂದಿಲ್ಲ. ಒಂದು ಕಡೆ ಸತ್ಯ ನಡೆದವನು ಇನ್ನೊಂದು ಕಡೆ ಜಾರಿದ್ದ. ಹಂಗಾದರೆ ಒಮ್ಮೆ ಸಿಕ್ಕಿಬಿದ್ದವನಿಗೆ ವರ್ಷಪೂರ್ತಿ 'ಕಳ್ಳ' ಅನ್ನೋದು ಯಾವ ನ್ಯಾಯ?

"ಹುಟ್ಟುಗುಣ ಸುಟ್ಟರೂ ಹೋಗದು" ಅಂತಾರಲ್ಲ ಅಂದೀರಿ. ಪೂರ್ತಿ ಸುಳ್ಳಲ್ಲ. ಸ್ವಭಾವದಲ್ಲಿ ಹುಟ್ಟಿನ ಪಾಲು ಸಾಕಷ್ಟು ಇದೆ ಅಂತ ಅವಳಿ ಮಕ್ಕಳನ್ನು ಅಭ್ಯಾಸ ಮಾಡಿದವರು ಹೇಳ್ತಾರೆ. ನಮ್ಮೂರಿನ ವಿಜಯದಾಸರು ನಡೆದ ಮಧ್ವಮತದಲ್ಲೂ ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಅಂತ ಮೂರು ಬಗೆ ಇದೆ, ಅದು ಬದಲಾಗೋದಿಲ್ಲ. ಆದರೆ ಅದು ಮೋಕ್ಷದ ಮಾತು. ಯಾರು ಯಾವ ಬಗೆ ಅಂತ ಬೆಂಚಿನ ಮ್ಯಾಲ ಕೂತ ನಾವು ಹೇಳೋದಲ್ಲ.

ಅದೇ ದಾಸರ ಕಥೆ ನೋಡ್ರಿ. ಬ್ಯಾಗವಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಮಾನ್ವಿಯಲ್ಲಿ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡೋ ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟಿನೋವು ಅಂತ ನೆಪ ಹೇಳಿ ಹೋಗಲಿಲ್ಲವಂತೆ. ಆಮೇಲೆ ನಿಜವಾಗಿಯೂ ನೋವು ಬಂದು, ಗೋಪಾಲದಾಸರಿಂದ ಗುಣವಾಗಿ, ತಾವೇ ಜಗನ್ನಾಥದಾಸರಾಗಿ ಕನ್ನಡದಲ್ಲೇ ಹರಿಕಥಾಮೃತಸಾರ ಬರೆದರು ಅಂತ ನಮ್ಮ ಹಿರಿಯರು ಹೇಳ್ತಾರೆ. ಆವತ್ತು ವಿಜಯದಾಸರು "ಆ ಪಂಡಿತ ಜಂಬದವ, ಅಂಥವನೇ" ಅಂದು ಸುಮ್ಮನಾಗಿದ್ದರೆ?

ಗುರುಗಳಲ್ಲಿ ಒಂದು ವಿನಂತಿ. ಪ್ರಗತಿ ಪತ್ರದಲ್ಲಿ 'ಮೌನಿ', 'ಚಂಚಲ' ಅಂತ ಬರೆಯುವಾಗ ಯಾವ ಪಿರಿಯಡ್‌ನಲ್ಲಿ, ಯಾರ ಮುಂದೆ ಅಂತಲೂ ಒಂದು ಮಾತು ಬರೀರಿ. ತಪ್ಪಾಗಿದ್ದರೆ ಕ್ಷಮಿಸಿರಿ.

ಭಾಷಣದ ಪಟ್ಟಿ ಇನ್ನೂ ಆಫೀಸಿಗೆ ಕೊಟ್ಟಿಲ್ಲ, ನನ್ನ ನೋಟ್‌ಬುಕ್ಕಿನಲ್ಲೇ ಇದೆ. ಕೆಳಗೆ ಒಂದು ಗೆರೆ ಖಾಲಿ ಬಿಟ್ಟೀನಿ. ನಿನ್ನೆ ಅವನನ್ನು ಕೇಳಿದೆ. "ನೋಡ್ತೀನಿ" ಅಂದಾನ.