ಆಯ್ಕೆಯ ಉತ್ತರ, ಕಾರಣದ ಮಾತು

ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳನ್ನಿತ್ತು ಸರಿಯಾದುದನ್ನು ಗುರುತಿಸಲು ಹೇಳುವ ಪರೀಕ್ಷಾಕ್ರಮದ ಬಗೆಗೆ ವಿದ್ವದ್ವಲಯದಲ್ಲಿ ಅನಾದರವುಂಟು. ಅದು ಊಹೆಗೆ ಇಂಬು ಕೊಡುತ್ತದೆ, ಚಿಂತನೆಯನ್ನು ಕುಂಠಿತಗೊಳಿಸುತ್ತದೆ ಎಂಬುದು ಸಾಮಾನ್ಯ ಆಕ್ಷೇಪ. ಗಣಿತ ಹಾಗೂ ಗಣಕವಿಜ್ಞಾನದ ಮಟ್ಟಿಗೆ ಇದು ಅರ್ಧಸತ್ಯ ಮಾತ್ರ. ದೋಷವಿರುವುದು ಪ್ರಶ್ನೆಯ ರೂಪಕ್ಕಿಂತ ಹೆಚ್ಚಾಗಿ, ಉತ್ತರ ಗುರುತಿಸಿದವನಿಂದ ಕಾರಣವನ್ನು ಕೇಳದೆ ಬಿಡುವ ಬೋಧನಕ್ರಮದಲ್ಲಿ.

ಏಳರ ನೂರನೆಯ ಘಾತದ ಕೊನೆಯ ಅಂಕಿ ಯಾವುದು? 1, 3, 7, 9 ಎಂಬ ನಾಲ್ಕು ಆಯ್ಕೆಗಳಿವೆ ಎನ್ನೋಣ. ನೂರು ಸಮಸಂಖ್ಯೆಯಾದುದರಿಂದ ಈ ಘಾತ ಒಂದು ಬೆಸಸಂಖ್ಯೆಯ ವರ್ಗ. ಬೆಸಸಂಖ್ಯೆಯ ವರ್ಗ 1, 5 ಅಥವಾ 9ರಲ್ಲಿ ಮಾತ್ರ ಕೊನೆಗೊಳ್ಳುತ್ತದೆ. ಆದ್ದರಿಂದ 3 ಮತ್ತು 7 ಬಿದ್ದುಹೋದವು. ಏಳರ ಘಾತಗಳ ಕೊನೆಯ ಅಂಕಿಗಳು 7, 9, 3, 1 ಎಂದು ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ, ನೂರು ನಾಲ್ಕರಿಂದ ಭಾಗವಾಗುತ್ತದೆ, ಉತ್ತರ 1. ಇಲ್ಲಿ ನಡೆದದ್ದು ಊಹೆಯಲ್ಲ, ನಿರಾಕರಣದ ಮೂಲಕ ಸಾಗುವ ನಿಗಮನ.

ತಪ್ಪು ಆಯ್ಕೆಗಳಿಗೂ ಅರ್ಥವಿದೆ. ಅಕಾರಾದಿಯಾಗಿ ಜೋಡಿಸಿದ 1000 ಹೆಸರುಗಳಲ್ಲಿ ಒಂದನ್ನು, ಪ್ರತಿಸಲವೂ ನಡುವಿನ ಹೆಸರಿನೊಡನೆ ಹೋಲಿಸಿ ಅರ್ಧವನ್ನು ಕೈಬಿಡುತ್ತ ಹುಡುಕಿದರೆ, ಗರಿಷ್ಠ ಎಷ್ಟು ಹೋಲಿಕೆಗಳು ಬೇಕು? 1000 ಎನ್ನುವವನು ಒಂದೊಂದನ್ನೇ ನೋಡುತ್ತಿದ್ದಾನೆ. 500 ಎನ್ನುವವನು ಒಮ್ಮೆ ಮಾತ್ರ ಅರ್ಧಮಾಡಿ ನಿಂತಿದ್ದಾನೆ. ಎರಡರ ಹತ್ತನೆಯ ಘಾತ 1024 ಎಂಬುದನ್ನು ಕಂಡವನಿಗೆ 10 ಸಾಕೆಂದು ತಿಳಿಯುತ್ತದೆ. ಪ್ರತಿ ತಪ್ಪು ಉತ್ತರವೂ ಯೋಚನೆ ದಾರಿ ತಪ್ಪಿದ ಒಂದು ತಿರುವಿನ ಗುರುತು. ಅದನ್ನು ವಿವರಿಸದ ತರಗತಿ ಅರ್ಧ ಪಾಠವನ್ನೇ ಕಳೆದುಕೊಳ್ಳುತ್ತದೆ.

ಪರೀಕ್ಷೆಯ ನಿಯಮಗಳೂ ಇದನ್ನು ಬಲ್ಲವು. ಗೇಟ್ ಪರೀಕ್ಷೆಯಲ್ಲಿ ಒಂದು ಅಂಕದ ಬಹ್ವಾಯ್ಕೆಯ ಪ್ರಶ್ನೆಗೆ ತಪ್ಪು ಉತ್ತರವಿತ್ತರೆ ಮೂರನೆಯ ಒಂದು ಅಂಕ ಕಳೆಯಲಾಗುತ್ತದೆ. ಕಣ್ಣುಮುಚ್ಚಿ ಗುರುತಿಸಿದವನ ಸರಾಸರಿ ಗಳಿಕೆ ಆಗ ಸೊನ್ನೆ. ಒಂದೇ ಒಂದು ಆಯ್ಕೆಯನ್ನು ಸಕಾರಣವಾಗಿ ತಳ್ಳಿಹಾಕಿದವನಿಗೆ ಸರಾಸರಿ ಒಂಬತ್ತನೆಯ ಒಂದು ಅಂಕದ ಲಾಭ. 2021ರಿಂದ ಅಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿಯಿರಬಹುದಾದ ಪ್ರಶ್ನೆಗಳೂ ಬಂದಿವೆ. ಅವುಗಳಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸದೆ ಗತ್ಯಂತರವಿಲ್ಲ.

ಇದು ಕನ್ನಡ ವಿಭಾಗಗಳಿಗೆ ಹೊರಗಿನ ವಿಷಯವೆಂದು ಭಾವಿಸುವುದು ಸಲ್ಲದು. ತರ್ಕದ ಕೀಲುಗಳು ಭಾಷೆಯಲ್ಲಿವೆ. ‘ನಾಲ್ಕರಿಂದ ಭಾಗವಾದರೆ ಸಮಸಂಖ್ಯೆ’ ಎಂಬುದು ನಿಜ. ‘ನಾಲ್ಕರಿಂದ ಭಾಗವಾದರೆ ಮಾತ್ರ ಸಮಸಂಖ್ಯೆ’ ಎಂಬುದು ಸುಳ್ಳು, ಆರೇ ಅದಕ್ಕೆ ಸಾಕ್ಷಿ. ‘ಆದರೆ’, ‘ಆದರೂ’, ‘ಆದರೆ ಮಾತ್ರ’ ಇವುಗಳ ಅಂತರವನ್ನು ವ್ಯಾಕರಣದ ತರಗತಿ ವಿಶದಪಡಿಸಬಲ್ಲುದು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನೆಂಬುದನ್ನು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳು ಓದುತ್ತಾರೆ. ಆ ಹೆಸರು ಟಿಪ್ಪಣಿಯಾಗಿ ಉಳಿದರೆ ಸಾಲದು.

ಹೊರನಾಡಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 2021ರಲ್ಲಿ ಜೆಇಇ ಮೇನ್ ಪರೀಕ್ಷೆ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಯಿತು. ಆದರೆ ಕನ್ನಡ ಪ್ರಶ್ನಪತ್ರಿಕೆಯ ಸೌಲಭ್ಯ ಕರ್ನಾಟಕದ ಕೇಂದ್ರಗಳಿಗೆ ಸೀಮಿತವಾಗಿತ್ತು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಪರೀಕ್ಷೆಗೆ ಕುಳಿತ ಕನ್ನಡದ ಮಗುವಿಗೆ ಆ ಆಯ್ಕೆಯೇ ಇರಲಿಲ್ಲ. ಪ್ರಶ್ನೆಯ ಭಾಷೆಯನ್ನು ನಿಯಮ ನಿರ್ಧರಿಸಬಹುದು, ಯೋಚನೆಯ ಭಾಷೆಯನ್ನಲ್ಲ. ಮನೆಯಲ್ಲಿ ‘ಯಾಕೆ?’ ಎಂದು ಕೇಳಿ ಬೆಳೆದ ಮಗು ಆ ಪ್ರಶ್ನೆಯನ್ನು ಗಣಿತದ ಮುಂದೆಯೂ ಇಡಬಲ್ಲುದು, ಅದಕ್ಕೆ ಬೇಕಾದ ಕನ್ನಡ ಅದರ ನಾಲಗೆಯಲ್ಲಿದ್ದರೆ.

ಆದುದರಿಂದ ಹೊರನಾಡಿನ ಕನ್ನಡ ವಿಭಾಗಗಳೂ ಸಂಘಗಳೂ ಕೈಗೊಳ್ಳಬಹುದಾದ ಕೆಲಸ ಸರಳವಾದುದು. ಒಂದು ಪ್ರಶ್ನೆಯನ್ನೆತ್ತಿಕೊಂಡು, ಸರಿಯುತ್ತರ ಯಾಕೆ ಸರಿ, ಉಳಿದ ಮೂರು ಯಾಕೆ ತಪ್ಪು ಎಂಬುದನ್ನು ನಾಲ್ಕು ಕನ್ನಡ ವಾಕ್ಯಗಳಲ್ಲಿ ಬರೆಯಿಸುವುದು. ಗುರುತು ಹಾಕಿದ ಉತ್ತರ ಪರೀಕ್ಷಕನಿಗೆ ಸಲ್ಲುತ್ತದೆ. ಬರೆದ ಕಾರಣ ವಿದ್ಯಾರ್ಥಿಯ ಸ್ವಂತವಾಗಿ ಉಳಿಯುತ್ತದೆ.