ಆಟಕ್ಕೆ ಒಂದು ಬಾಗಿಲು ಸಾಕು



ಲಿನಕ್ಸ್ ಇರುವುದು ಪಾಠಕ್ಕೆ ಮಾತ್ರ, ಆಟಕ್ಕಲ್ಲ ಅಂತ ಹಲವರು ತಿಳಿದಿದ್ದಾರೆ. ಕಾಸರಗೋಡಿನ ನಮ್ಮ ಶಾಲೆಗಳಲ್ಲಿರುವ ಕೈಟ್ ಗ್ನೂ/ಲಿನಕ್ಸ್ ಉಬುಂಟುವನ್ನೇ ಆಧರಿಸಿದೆ. ಅಂಥ ಕಂಪ್ಯೂಟರಿನಲ್ಲಿ ಲುವಾಂಟಿ (ಹಳೆಯ ಹೆಸರು ಮೈನ್‌ಟೆಸ್ಟ್) ಎಂಬ ಕಟ್ಟುವ ಆಟವನ್ನು ಹಾಕಿ ನಿಮ್ಮದೇ ಸರ್ವರ್ ನಡೆಸಬಹುದು. ಆದರೆ ಬೇರೆ ಊರಿನ ಗೆಳೆಯ ಸೇರಲು ನೋಡಿದರೆ ಆಗುವುದಿಲ್ಲ. ಯಾಕೆ?

ಹೊರಗಿನವರಿಗೆ ಕಾಣುವುದು ನಿಮ್ಮ ಮನೆಯ ರೂಟರ್ ಮಾತ್ರ. ಒಳಗಿನ ಕಂಪ್ಯೂಟರಿಗೆ ಸಾಮಾನ್ಯವಾಗಿ 192.168ರಿಂದ ಶುರುವಾಗುವ ಬೇರೆ ವಿಳಾಸ ಇರುತ್ತದೆ. ಗೆಳೆಯ ಕಳಿಸಿದ್ದು ಯಾವ ಕಂಪ್ಯೂಟರಿಗೆ ಅಂತ ರೂಟರಿಗೆ ಗೊತ್ತಾಗದೆ ಅದನ್ನು ಅಲ್ಲೇ ಬಿಟ್ಟುಬಿಡುತ್ತದೆ. 0ರಿಂದ 65535ರವರೆಗೆ ಪೋರ್ಟ್ ಸಂಖ್ಯೆಗಳಿವೆ. ಲುವಾಂಟಿ ಬಳಸುವುದು ಸಾಮಾನ್ಯವಾಗಿ ಯುಡಿಪಿ 30000. "ಈ ಸಂಖ್ಯೆಗೆ ಬಂದದ್ದನ್ನು ಈ ಕಂಪ್ಯೂಟರಿಗೆ ಕಳಿಸು" ಎಂದು ರೂಟರಿಗೆ ಹೇಳುವುದೇ ಪೋರ್ಟ್ ಫಾರ್ವರ್ಡಿಂಗ್. ಕಂಪ್ಯೂಟರಿನ ಒಳವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ, ಆ ನಿಯಮ ಸೇರಿಸಿ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಇದ್ದರೆ ಅಲ್ಲಿಯೂ ಅದೇ ಪೋರ್ಟಿಗೆ ಅನುಮತಿ ಕೊಡಿ. ಅಷ್ಟೇ ಕೆಲಸ.

ಆದರೆ ಕೆಲವರು "ಫೈರ್‌ವಾಲ್ ಆಫ್ ಮಾಡು, ಡಿಎಂಝಡ್‌ಗೆ ಹಾಕು" ಎಂಬ ಸುಲಭದ ದಾರಿ ತೋರಿಸುತ್ತಾರೆ. ಇದು ತಪ್ಪು ಸಲಹೆ ಎಂದೇ ನನ್ನ ಅಭಿಪ್ರಾಯ. ಡಿಎಂಝಡ್ ಅಂದರೆ ಹೊರಗಿನಿಂದ ಬರುವ ಬಹುಪಾಲು ಎಲ್ಲವನ್ನೂ ನಿಮ್ಮ ಕಂಪ್ಯೂಟರಿಗೇ ಕಳಿಸುವುದು. ತೆರೆದ ಪೋರ್ಟುಗಳನ್ನು ಹುಡುಕುತ್ತಲೇ ಇರುವ ಪ್ರೋಗ್ರಾಂಗಳು ಇಂಟರ್‌ನೆಟ್ಟಿನಲ್ಲಿ ಹಗಲುರಾತ್ರಿ ಓಡಾಡುತ್ತವೆ. ನಿಮ್ಮಲ್ಲಿ ಎಸ್‌ಎಸ್‌ಎಚ್ ಚಾಲೂ ಇದ್ದು ಪಾಸ್‌ವರ್ಡ್ 123456 ಆಗಿದ್ದರೆ ಒಳನುಗ್ಗುವುದು ಕಷ್ಟವಲ್ಲ. ಅದೇ ವೈಫೈಯಲ್ಲಿ ಅಪ್ಪ ಹಣ ಕಳಿಸುವ ಫೋನೂ ಇದೆ, ಅಕ್ಕನ ಲ್ಯಾಪ್‌ಟಾಪೂ ಇದೆ ಅಲ್ವಾ? ರೂಟರ್ ಇಡೀ ಮನೆಯದ್ದು. ಹಾಗಾಗಿ ಮನೆಯವರನ್ನು ಕೇಳದೆ ಅದಕ್ಕೆ ಕೈ ಹಾಕ್ಬೇಡಿ.

ಇನ್ನೊಂದು ವಿಷಯ. ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅದು ಸಾಲದೆ ಅನೇಕ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ರೂಟರಿನ ಹೊರವಿಳಾಸ 100.64ರಿಂದ 100.127ರೊಳಗೆ ಇದ್ದರೆ ನಿಮ್ಮದೂ ಹಾಗೆಯೇ. ಆಗ ನಿಮ್ಮ ನಿಯಮ ಎಷ್ಟೇ ಸರಿಯಿದ್ದರೂ ಗೆಳೆಯ ಒಳಗೆ ಬರಲಾರ. ಫೈರ್‌ವಾಲ್ ಆಫ್ ಮಾಡಿದರೂ ಪ್ರಯೋಜನವಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ಗೆಳೆಯರೆಲ್ಲ ಒಂದೇ ಮನೆಯಲ್ಲಿ ಕೂತು ಒಂದೇ ವೈಫೈಯಲ್ಲಿ ಆಡಿ; ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಬೇಕಾಗಿಯೇ ಇಲ್ಲ.

ಆಡುವುದು ಬೇಡ ಅಂತ ನಾನು ಹೇಳ್ತಾ ಇಲ್ಲ. ಪೋರ್ಟ್ ತೆರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವ ಸಂಖ್ಯೆ, ಯಾವ ಕಂಪ್ಯೂಟರಿಗೆ, ಎಷ್ಟು ಹೊತ್ತಿಗೆ? ಮೂರಕ್ಕೂ ಉತ್ತರ ಗೊತ್ತಿದ್ದರೆ ಧೈರ್ಯವಾಗಿ ತೆರೆಯಿರಿ. ಸರ್ವರಿಗೆ ಪಾಸ್‌ವರ್ಡ್ ಇಡಿ. ಆಟ ಮುಗಿದ ಮೇಲೆ ಆ ನಿಯಮವನ್ನು ಅಳಿಸಲು ಮರೀಬೇಡಿ.