ಕಂಬಕ್ಕೇರಿದ ಯುದ್ಧವಿಮಾನ

2025ರ ಸೆಪ್ಟೆಂಬರ್ 26ರಂದು ವಾಯುಪಡೆ ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿತು. 1963ರಿಂದ ಸೇವೆಯಲ್ಲಿದ್ದ ವಿಮಾನ. ಕೊಂಡದ್ದು, ಇಲ್ಲೇ ಕಟ್ಟಿದ್ದು ಎಲ್ಲ ಸೇರಿ 870ಕ್ಕೂ ಮಿಕ್ಕಿ. ಉಳಿದವನ್ನು ಏನು ಮಾಡಬೇಕು ಎಂಬ ಚರ್ಚೆ ವಿಮಾನದ ಹುಚ್ಚಿನವರ ನಡುವೆ ಜೋರಾಗಿದೆ. ನಮ್ಮೂರಿಗೊಂದು ಕೊಡಿ, ನಮ್ಮ ಕಾಲೇಜಿಗೊಂದು ಕೊಡಿ ಎನ್ನುವವರೇ ಹೆಚ್ಚು. ಗುಜರಿಗೆ ಹಾಕುವ ಮಾತೆತ್ತಿದರೆ ಅವರಿಗೆ ಅದು ಅಪಚಾರ. ನನಗೆ ಹಾಗನ್ನಿಸುವುದಿಲ್ಲ. ಊರೂರಿಗೆ ಹಂಚಿ ಬಿಸಿಲು ಮಳೆಗೆ ಬಿಡುವುದಕ್ಕಿಂತ, ಸೂರಿನ ಕೆಳಗೆ ದಾಖಲೆ ಸಮೇತ ನಾಲ್ಕೇ ನಾಲ್ಕನ್ನು ಕಾಪಾಡುವುದು ಮೇಲು.

ಸರ್ಕಲ್ಲಿನಲ್ಲೋ ಕಾಲೇಜಿನ ಗೇಟಿನೊಳಗೋ ನಿಲ್ಲಿಸಿದ ವಿಮಾನವೊಂದನ್ನು ಹತ್ತಿರ ಹೋಗಿ ನೋಡಿ. ಟೈರು ಬಿರುಕು ಬಿಟ್ಟು ಕುಸಿದಿರುತ್ತದೆ. ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ ಬಿಸಿಲಿಗೆ ಹಳದಿಗಟ್ಟಿರುತ್ತದೆ. ಒಳಗೆ ಏನೂ ಇಲ್ಲದ್ದು ಕಾಣದಿರಲೆಂದು ಕೆಲವು ಕಡೆ ಅದಕ್ಕೂ ಬಣ್ಣ ಬಳಿದುಬಿಡುತ್ತಾರೆ. ಅಲ್ಯುಮಿನಿಯಂ ಹಾಳೆಗೆ ಉಕ್ಕಿನ ಬೋಲ್ಟು ತಾಗುವ ಕಡೆ ನೀರು ನಿಂತರೆ ಹಾಳೆ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಹಾರುವ ವಿಮಾನದಲ್ಲಾದರೆ ಇದನ್ನು ಹುಡುಕಿ ಸರಿಪಡಿಸುವುದಕ್ಕೇ ಜನ ಇರುತ್ತಾರೆ. ಕಂಬದ ಮೇಲಿನದಕ್ಕೆ ಯಾರಿದ್ದಾರೆ? ಆಗಸ್ಟ್ 15 ಹತ್ತಿರ ಬಂದಾಗ ಇನ್ನೊಂದು ಕೋಟ್ ಬಣ್ಣ, ಅಷ್ಟೆ. ಅದರಡಿ ಮೆಕ್ಯಾನಿಕ್ಕುಗಳಿಗೆಂದು ಬರೆದಿದ್ದ ಸಣ್ಣಕ್ಷರದ ಸೂಚನೆಗಳು, ಸ್ಕ್ವಾಡ್ರನ್ನಿನ ಗುರುತು, ವಿಮಾನದ ಸಂಖ್ಯೆ ಎಲ್ಲವೂ ಮುಚ್ಚಿಹೋಗುತ್ತವೆ. ಆಮೇಲೆ ಅದು ಎಲ್ಲಿ ಹಾರಿತ್ತೆಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಮಕ್ಕಳು ನೋಡಿ ಕಲಿಯುವುದು ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಬೆಂಗಳೂರಿನಲ್ಲೇ ಹುಟ್ಟಿ, 1961ರಲ್ಲಿ ಇಲ್ಲೇ ಮೊದಲ ಸಲ ಹಾರಿದ ಮರುತ್ ವಿಮಾನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿದೆ. ಅದು ಬಯಲಿನಲ್ಲಿದ್ದರೂ ಹಿಂದೊಂದು ಸಂಸ್ಥೆಯಿದೆ, ಕೇಳಿದರೆ ವಿವರಿಸುವವರಿದ್ದಾರೆ. ಸರ್ಕಲ್ಲಿನ ವಿಮಾನಕ್ಕೆ ಆ ದಿಕ್ಕಿಲ್ಲ.

ಗುಜರಿ ಎಂದಾಕ್ಷಣ ಎಲ್ಲ ಮುಗಿಯಿತೆಂದೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳು ರಾಶಿಯಾಗಿ ಬಿದ್ದಿದ್ದವು. ಮತ್ತೆ ಹಾರಬಾರದೆಂದೇ ಬ್ರಿಟಿಷರು ಅವನ್ನು ಜಜ್ಜಿ, ಎಂಜಿನ್ನಿಗೆ ಮರಳು ಸುರಿದು ಹೋಗಿದ್ದರು. ಎಚ್‌ಎಎಲ್ ಜನ ಒಂದರ ರೆಕ್ಕೆ, ಇನ್ನೊಂದರ ಎಂಜಿನ್ ಎಂದು ಆಯ್ದು, ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಕಂಪನಿಯ ಪೈಲಟ್ ಜಮ್‌ಷೆಡ್ ಮುನ್ಶಿ 42 ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾದ ಅವು 1968ರವರೆಗೆ ವಾಯುಪಡೆಯಲ್ಲಿ ದುಡಿದವು. ಅಷ್ಟರಲ್ಲಿ ಜಗತ್ತಿನ ಉಳಿದ ಕಡೆ ಸಾವಿರಾರು ಲಿಬರೇಟರ್‌ಗಳು ಕುಲುಮೆಗೆ ಹೋಗಿ ಆಗಿತ್ತು. ಹಾಗಾಗಿ ಕೆನಡಾ, ಅಮೆರಿಕದ ಅರಿಜೋನಾ, ಇಂಗ್ಲೆಂಡಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಎಲ್ಲವೂ ಲಿಬರೇಟರ್‌ಗಾಗಿ ನಮ್ಮ ಬಳಿಗೇ ಬರಬೇಕಾಯಿತು. ಅವುಗಳನ್ನು ಉಳಿಸಿದ್ದು ಬಿಚ್ಚಿ ಜೋಡಿಸಲು ಬಲ್ಲ ಕೈಗಳು, ಜತೆಗೆ ಬೇರೆ ವಿಮಾನಗಳಿಂದ ಕಳಚಿ ತಂದ ಬಿಡಿಭಾಗಗಳು. ಅಭಿಮಾನಕ್ಕೆ ಅಲ್ಲಿ ಬಹಳ ಕೆಲಸವಿರಲಿಲ್ಲ.

ಹಾರಿದರೆ ಮಾತ್ರ ವಿಮಾನ ಬದುಕಿದಂತೆ ಎನ್ನುವ ಇನ್ನೊಂದು ಪಂಗಡವಿದೆ. ಎಂಜಿನ್ನಿನ ಸದ್ದು ಕೇಳಿದವರಿಗೆ ಆ ಆಸೆ ಅರ್ಥವಾಗುತ್ತದೆ. ಆದರೆ 2022ರ ನವೆಂಬರ್‌ನಲ್ಲಿ ಡಲ್ಲಾಸ್ ಪ್ರದರ್ಶನದಲ್ಲಿ ಮಹಾಯುದ್ಧ ಕಾಲದ ಎರಡು ವಿಮಾನಗಳು ಡಿಕ್ಕಿಯಾಗಿ ಆರು ಜನ ಸತ್ತರು. ಹಾರುವ ಸ್ಥಿತಿಯಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದ ಮಾದರಿಗಳಲ್ಲಿ ಒಂದೊಂದು ಕಡಿಮೆಯಾಯಿತು. ಕೊನೆಯ ಒಂದೆರಡನ್ನು ಹಾರಿಸುವ ಹಕ್ಕು ನಮಗಿದೆ ಎಂದು ನಾನು ಒಪ್ಪಲಾರೆ.

ಮಿಗ್-21ರ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ. ಇಡುವ ನಾಲ್ಕರ ಲಾಗ್‌ಬುಕ್ಕುಗಳೂ ಜತೆಗೇ ಇರಲಿ. ನಾಸಿಕ್‌ನಲ್ಲಿ ಅವನ್ನು ಕಟ್ಟಿದ ಫಿಟ್ಟರುಗಳ, ರಿವೆಟ್ ಹೊಡೆದವರ ಮಾತನ್ನು ಅವರು ಇರುವಾಗಲೇ ರೆಕಾರ್ಡ್ ಮಾಡಿಕೊಳ್ಳಲಿ; ಅದಕ್ಕೆ ಹ್ಯಾಂಗರಿನಷ್ಟು ಜಾಗವೇನೂ ಬೇಡ. ಫಲಕದಲ್ಲಿ 1971ರ ಯುದ್ಧದ ಪರಾಕ್ರಮದ ಜತೆಗೆ, ಇದೇ ವಿಮಾನದ ಅಪಘಾತಗಳಲ್ಲಿ ತೀರಿಕೊಂಡ ಎಳೆಯ ಪೈಲಟ್‌ಗಳ ಹೆಸರೂ ಇರಲಿ. ಅಷ್ಟನ್ನು ಬರೆಸಲು ಹಿಂಜರಿಯುವ ಊರಿಗೆ ವಿಮಾನ ಕಳಿಸುವ ಬದಲು ಗುಜರಿಗೇ ಕೊಡಲಿ. ಕಳಚಿಟ್ಟ ಚಕ್ರ, ಮೀಟರು, ಮುಚ್ಚಳಗಳಾದರೂ ಆ ನಾಲ್ಕರ ರಿಪೇರಿಗೆ ಒದಗಿಯಾವು.